ಎರಡೇ ವರ್ಷ ಉಳಿಯುವ ಕೌಂಟಿ ಕೌನ್ಸಿಲ್‌ಗೆ ಮತ ಹಾಕುವುದೇಕೆ?

ಪ್ರಶ್ನೆ: ನಾವು ಇಂಗ್ಲೆಂಡಿನ ಹ್ಯಾಂಪ್‌ಷೈರ್ ಕೌಂಟಿಯ ಬೇಸಿಂಗ್‌ಸ್ಟೋಕ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬ. ಎಲ್ಲರದೂ ಭಾರತದ ಪಾಸ್‌ಪೋರ್ಟ್. ನಾನು ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದೇನೆ, ನನ್ನ ಪತ್ನಿ ಅವಲಂಬಿತರ ವೀಸಾದಲ್ಲಿದ್ದಾರೆ. 2026ರ ಮೇ 7ರ ಕೌಂಟಿ ಚುನಾವಣೆಗೆ ಮನೆಗೆ ಬರುತ್ತಿರುವ ಕರಪತ್ರಗಳಲ್ಲಿ ಒಂದು ವಲಸೆಯ ಬಗ್ಗೆ, ಇನ್ನೊಂದು ಆಸ್ಪತ್ರೆಯ ಬಗ್ಗೆ, ಮತ್ತೊಂದು ರಸ್ತೆಗುಂಡಿಗಳ ಬಗ್ಗೆ ಮಾತನಾಡುತ್ತದೆ. ಈ ಕೌನ್ಸಿಲ್ಲೇ ಎರಡು ವರ್ಷದಲ್ಲಿ ರದ್ದಾಗುತ್ತದೆ ಎಂದೂ ಹೇಳುತ್ತಾರೆ. ನಮಗೆ ಮತದಾನದ ಹಕ್ಕಿದೆಯೇ? ಇದ್ದರೆ ಏನನ್ನು ನೋಡಿ ಮತ ಹಾಕಬೇಕು?

ಉತ್ತರ: ನಿಮಗೂ ನಿಮ್ಮ ಪತ್ನಿಗೂ ಮತದಾನದ ಹಕ್ಕು ಇದೆ. ಭಾರತ ಕಾಮನ್‌ವೆಲ್ತ್ ರಾಷ್ಟ್ರವಾದ್ದರಿಂದ, ಬ್ರಿಟನ್ನಿನಲ್ಲಿ ವಾಸಿಸಲು ಯಾವುದೇ ಬಗೆಯ ಅನುಮತಿ ಪಡೆದು ಇಲ್ಲಿ ನೆಲೆಸಿರುವ 18 ವರ್ಷ ತುಂಬಿದ ಭಾರತೀಯ ಪ್ರಜೆ, ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡರೆ, ಸ್ಥಳೀಯ ಚುನಾವಣೆಯಲ್ಲಿ ಮಾತ್ರವಲ್ಲ, ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ಅವಲಂಬಿತರ ವೀಸಾದಲ್ಲಿರುವವರಿಗೂ ವಿದ್ಯಾರ್ಥಿ ವೀಸಾದಲ್ಲಿರುವವರಿಗೂ ಇದೇ ನಿಯಮ. ಇಲ್ಲಿ ಮತ ಹಾಕುವುದರಿಂದ ಬೇರೆ ದೇಶದ ಪೌರತ್ವ ಪಡೆದಂತಾಗುವುದಿಲ್ಲ. ಅಭ್ಯರ್ಥಿಯಾಗಿ ನಿಲ್ಲಲು ಮಾತ್ರ ಅವಧಿಯ ಮಿತಿಯಿಲ್ಲದ ವಾಸದ ಅನುಮತಿ ಬೇಕು. ಈ ಹಕ್ಕಿನ ಅರಿವಿಲ್ಲದೆ ವರ್ಷಗಟ್ಟಲೆ ಕೌನ್ಸಿಲ್ ಟ್ಯಾಕ್ಸ್ ಎಂಬ ಸ್ಥಳೀಯ ಮನೆ ತೆರಿಗೆ ಕಟ್ಟುತ್ತಾ ಮತಗಟ್ಟೆಯ ಕಡೆ ಮುಖ ಹಾಕದ ನಮ್ಮವರ ಸಂಖ್ಯೆ ಸಣ್ಣದಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಏನನ್ನು ನೋಡಿ ಮತ ಹಾಕಬೇಕು ಎಂಬುದನ್ನು ತೀರ್ಮಾನಿಸುವ ಮೊದಲು, ಕೌಂಟಿಯ ಕೈಯಲ್ಲಿ ಏನಿದೆ ಎಂಬುದು ಸ್ಪಷ್ಟವಾಗಬೇಕು. ಹ್ಯಾಂಪ್‌ಷೈರ್‌ನಲ್ಲಿ ಈಗಲೂ ಎರಡು ಹಂತದ ಸ್ಥಳೀಯ ಆಡಳಿತವಿದೆ. ಮನೆಯ ಕಸ ಎತ್ತುವುದು, ಮನೆ ಕಟ್ಟಲು ಪರವಾನಗಿ ಕೊಡುವುದು, ವಸತಿ, ಕೌನ್ಸಿಲ್ ಟ್ಯಾಕ್ಸ್ ವಸೂಲಿ ಇವೆಲ್ಲ ಬೇಸಿಂಗ್‌ಸ್ಟೋಕ್ ಅಂಡ್ ಡೀನ್ ಬರೋ ಎಂಬ ಕೆಳಹಂತದ ಕೌನ್ಸಿಲ್ಲಿನ ಕೆಲಸ. ಶಾಲಾ ಪ್ರವೇಶ, ವಿಶೇಷ ಅಗತ್ಯದ ಮಕ್ಕಳ ಶಿಕ್ಷಣ, ಮಕ್ಕಳ ರಕ್ಷಣೆ, ವೃದ್ಧರ ಮತ್ತು ಅಂಗವಿಕಲರ ಆರೈಕೆ, ರಸ್ತೆ, ಬಸ್ಸುಗಳಿಗೆ ಕೊಡುವ ಸಹಾಯಧನ, ಗ್ರಂಥಾಲಯ, ಎತ್ತಿದ ಕಸದ ವಿಲೇವಾರಿ ಇವೆಲ್ಲ ವಿಂಚೆಸ್ಟರ್‌ನಲ್ಲಿ ಕುಳಿತ ಕೌಂಟಿ ಕೌನ್ಸಿಲ್ಲಿನ ಕೆಲಸ. ಬಿಲ್ಲು ಬರೋ ಹೆಸರಿನಲ್ಲಿ ಬರುವುದರಿಂದ ಹಣವೂ ಅದಕ್ಕೇ ಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಮ್ಮ ಬಿಲ್ಲಿನಲ್ಲಿರುವ ವಿಂಗಡಣೆಯನ್ನು ನೋಡಿದರೆ ಬಹುಪಾಲು ಕೌಂಟಿಗೆ ಸೇರುತ್ತದೆಂಬುದು ತಿಳಿಯುತ್ತದೆ.

ಈ ಅಳತೆಗೋಲನ್ನು ಹಿಡಿದು ನಿಮ್ಮ ಮೂರು ಕರಪತ್ರಗಳನ್ನು ನೋಡೋಣ. ಆಸ್ಪತ್ರೆ ರಾಷ್ಟ್ರೀಯ ಆರೋಗ್ಯ ಸೇವೆಯಾದ ಎನ್.ಎಚ್.ಎಸ್.ಗೆ ಸೇರಿದ್ದು. ಉತ್ತರ ಹ್ಯಾಂಪ್‌ಷೈರ್‌ನ ಹೊಸ ಆಸ್ಪತ್ರೆಯ ಕಟ್ಟಡವನ್ನು 2030ರ ದಶಕದ ಕೊನೆಯ ಭಾಗಕ್ಕೆ ಮುಂದೂಡಿದ್ದು 2025ರ ಜನವರಿಯಲ್ಲಿ ಲಂಡನ್ನಿನ ಸರ್ಕಾರ. ಕೌಂಟಿಯ ಆರೋಗ್ಯ ಪರಿಶೀಲನಾ ಸಮಿತಿ ಅಧಿಕಾರಿಗಳನ್ನು ಕರೆಸಿ ಪ್ರಶ್ನೆ ಕೇಳಬಲ್ಲದೇ ಹೊರತು ಒಂದು ಇಟ್ಟಿಗೆಯನ್ನೂ ಇಡಲಾರದು. ವಲಸೆ, ವೀಸಾ, ಆಶ್ರಯ ಕೋರಿ ಬಂದವರ ವಸತಿ ಗೃಹ ಸಚಿವಾಲಯದ ಅಧೀನದಲ್ಲಿವೆ. 2025ರ ಆಗಸ್ಟ್‌ನಲ್ಲಿ ಎಸೆಕ್ಸ್‌ನ ಎಪ್ಪಿಂಗ್‌ನಲ್ಲಿ ಆಶ್ರಯಾರ್ಥಿಗಳಿದ್ದ ಹೋಟೆಲಿನ ವಿರುದ್ಧ ನ್ಯಾಯಾಲಯಕ್ಕೆ ಹೋದದ್ದು ಅಲ್ಲಿನ ಡಿಸ್ಟ್ರಿಕ್ಟ್ ಕೌನ್ಸಿಲ್, ಅಂದರೆ ನಿಮ್ಮ ಬರೋದಂಥ ಕೆಳಹಂತದ ಕೌನ್ಸಿಲ್. ಅದು ಹೂಡಿದ ವಾದ ಕಟ್ಟಡ ಬಳಕೆಯ ಪರವಾನಗಿಯನ್ನು ಕುರಿತದ್ದು; ಅಲ್ಲಿ ಸಿಕ್ಕ ತಾತ್ಕಾಲಿಕ ತಡೆಯಾಜ್ಞೆಯನ್ನು ಮೇಲ್ಮನವಿ ನ್ಯಾಯಾಲಯ ಅದೇ ತಿಂಗಳು ತೆಗೆದುಹಾಕಿತು. ಕೌಂಟಿಗೆ ಈ ವಿಷಯದಲ್ಲಿ ಇರುವ ನೇರ ಹೊಣೆ ಒಂದೇ: ಪೋಷಕರಿಲ್ಲದೆ ಒಂಟಿಯಾಗಿ ಬಂದ ಮಕ್ಕಳನ್ನು ಸಾಕುವುದು. ವಲಸೆಯನ್ನು ತಡೆಯುತ್ತೇನೆ ಎಂದು ಕೌಂಟಿ ಅಭ್ಯರ್ಥಿ ಬರೆದರೆ, ಅಥವಾ ವೀಸಾ ನಿಯಮ ಸಡಿಲಿಸುತ್ತೇನೆ ಎಂದು ಬರೆದರೂ ಅಷ್ಟೇ, ಆತ ತನ್ನ ಅಧಿಕಾರದಲ್ಲಿಲ್ಲದ್ದನ್ನು ಕೊಡುತ್ತೇನೆಂದು ಹೇಳುತ್ತಿದ್ದಾನೆ. ಮೂರನೆಯ ಕರಪತ್ರದ ರಸ್ತೆಗುಂಡಿ ಮಾತ್ರ ಕೌಂಟಿಯ ವಿಷಯ.

ರಸ್ತೆಯ ವಿಷಯದಲ್ಲೂ ಒಂದು ಗೆರೆ ಇದೆ. ನಿಮ್ಮೂರಿನ ಪಕ್ಕ ಹಾದುಹೋಗುವ ಎಂ3 ಹೆದ್ದಾರಿ ರಾಷ್ಟ್ರೀಯ ಸಂಸ್ಥೆಗೆ ಸೇರಿದ್ದು. ನಿಮ್ಮ ಬೀದಿ, ರೆಡಿಂಗ್ ಕಡೆಗೆ ಹೋಗುವ ಎ33ರ ಹ್ಯಾಂಪ್‌ಷೈರ್ ಭಾಗ ಕೌಂಟಿಯವು. ಗುಂಡಿ ಎಷ್ಟು ಆಳವಾದರೆ ಮುಚ್ಚಬೇಕು ಎಂಬುದಕ್ಕೆ ಪ್ರತಿ ಕೌನ್ಸಿಲ್‌ಗೂ ತನ್ನದೇ ಮಾನದಂಡವಿದೆ, ಅನೇಕ ಕಡೆ ಅದು 40 ಮಿಲಿಮೀಟರ್. 1980ರ ಹೈವೇಸ್ ಕಾಯ್ದೆಯ 41ನೆಯ ಸೆಕ್ಷನ್ ರಸ್ತೆಯನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಕೌನ್ಸಿಲ್‌ಗೆ ಹೊರಿಸುತ್ತದೆ. 58ನೆಯ ಸೆಕ್ಷನ್, ತಕ್ಕಷ್ಟು ತಪಾಸಣೆ ನಡೆಸಿಯೂ ಗುಂಡಿ ತನ್ನ ಗಮನಕ್ಕೆ ಬಂದಿರಲಿಲ್ಲ ಎಂದು ತೋರಿಸಿ ಪರಿಹಾರದಿಂದ ಪಾರಾಗಲು ಅದಕ್ಕೆ ಅವಕಾಶ ಕೊಡುತ್ತದೆ. ಆದ್ದರಿಂದ ಟೈರು ಒಡೆಯುವ ಮೊದಲೇ ಗುಂಡಿಯ ಫೋಟೋ ತೆಗೆದು ಕೌಂಟಿಯ ವೆಬ್‌ಸೈಟಿನಲ್ಲಿ ದೂರು ದಾಖಲಿಸುವುದು ನಿಮ್ಮ ಬೀದಿಯವರೆಲ್ಲರ ಪಾಲಿಗೂ ಉಪಕಾರ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಥಳೀಯ ರಸ್ತೆಗಳ ಬಾಕಿ ದುರಸ್ತಿಗೆ ಸುಮಾರು 1,680 ಕೋಟಿ ಪೌಂಡ್ ಬೇಕೆಂದು ಡಾಂಬರು ಉದ್ಯಮದ 2025ರ ವಾರ್ಷಿಕ ಸಮೀಕ್ಷೆ ಅಂದಾಜು ಮಾಡಿತು. ಆ ಹಣಕಾಸು ವರ್ಷಕ್ಕೆ ಇಂಗ್ಲೆಂಡಿನ ಸ್ಥಳೀಯ ರಸ್ತೆಗಳ ನಿರ್ವಹಣೆಗೆ ಸರ್ಕಾರ ಕೊಟ್ಟದ್ದು ಸುಮಾರು 160 ಕೋಟಿ. ಈ ಅಂತರ ಗೊತ್ತಿದ್ದರೆ, ಎಲ್ಲ ಗುಂಡಿಗಳನ್ನೂ ಮುಚ್ಚುತ್ತೇವೆ ಎಂಬ ಭರವಸೆಯನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದು ನೀವೇ ನಿರ್ಧರಿಸಬಹುದು.

ಆದರೂ ಈ ಚುನಾವಣೆಯ ತಿರುಳು ರಸ್ತೆಯಲ್ಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೌಂಟಿ ಕೌನ್ಸಿಲ್‌ಗಳ ಸೇವಾ ವೆಚ್ಚದ ಸುಮಾರು ಮೂರರಲ್ಲಿ ಎರಡು ಪಾಲು ವಯಸ್ಕರ ಮತ್ತು ಮಕ್ಕಳ ಆರೈಕೆಗೆ ಹೋಗುತ್ತದೆ. ಈ ಸೇವೆಗಳು ಬಹುತೇಕ ಕಾನೂನು ವಿಧಿಸಿದ ಕರ್ತವ್ಯಗಳು. ಹಣವಿಲ್ಲ ಎಂದು ಕೈ ಚೆಲ್ಲುವಂತಿಲ್ಲ. 23,250 ಪೌಂಡಿಗಿಂತ ಹೆಚ್ಚಿನ ಆಸ್ತಿ ಇರುವವರು ತಮ್ಮ ಆರೈಕೆಯ ವೆಚ್ಚವನ್ನು ತಾವೇ ಭರಿಸಬೇಕೆಂಬ ಮಿತಿ 2010ರಿಂದ ಬದಲಾಗಿಲ್ಲ. ಅದಕ್ಕಿಂತ ಕಡಿಮೆ ಇರುವವರ ಹೊಣೆ ಕೌಂಟಿಯ ಮೇಲೆ ಬೀಳುತ್ತದೆ. 2025ರ ಏಪ್ರಿಲ್‌ನಿಂದ ಉದ್ಯೋಗದಾತರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ವಿಮೆಯ ವಂತಿಗೆ ಶೇ. 13.8ರಿಂದ ಶೇ. 15ಕ್ಕೆ ಏರಿತು, ಅದೇ ವರ್ಷದ ಜುಲೈನಲ್ಲಿ ಆರೈಕೆ ಕೆಲಸಗಾರರನ್ನು ಹೊರದೇಶಗಳಿಂದ ಹೊಸದಾಗಿ ಕರೆತರುವ ವೀಸಾ ದಾರಿ ಮುಚ್ಚಿತು. ಕರ್ನಾಟಕ, ಕೇರಳಗಳಿಂದ ಬಂದು ಇಲ್ಲಿನ ಆರೈಕೆ ಕೇಂದ್ರಗಳಲ್ಲಿ ರಾತ್ರಿ ಪಾಳಿ ಮಾಡುವವರನ್ನು ನೀವು ಬಲ್ಲಿರಿ. ಆ ಕೇಂದ್ರಗಳು ನಡೆಯುವುದು ಬಹಳಮಟ್ಟಿಗೆ ಕೌಂಟಿ ಕೊಡುವ ದರದ ಮೇಲೆ. ವೆಚ್ಚ ಏರಿದಾಗ ದರ ಏರಿಸದಿದ್ದರೆ ಕೇಂದ್ರ ಮುಚ್ಚುತ್ತದೆ, ಏರಿಸಿದರೆ ಬೇರೊಂದು ಸೇವೆಗೆ ಕತ್ತರಿ ಬೀಳುತ್ತದೆ.

ಹಾಗೆ ಕತ್ತರಿ ಬೀಳುವುದು ಕಾನೂನು ಕಡ್ಡಾಯ ಮಾಡದ ಕಡೆಗಳಲ್ಲಿ, ಅಥವಾ ಕನಿಷ್ಠ ಎಷ್ಟಿರಬೇಕೆಂದು ಕಾನೂನು ಖಚಿತವಾಗಿ ಹೇಳದ ಕಡೆಗಳಲ್ಲಿ: ಹಳ್ಳಿಯ ಬಸ್ಸು, ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಸಿಬ್ಬಂದಿ, 16 ವರ್ಷ ದಾಟಿದ ವಿದ್ಯಾರ್ಥಿಗಳ ಸಾರಿಗೆ, ಗ್ರಂಥಾಲಯ. 2020ರಲ್ಲಿ ಹ್ಯಾಂಪ್‌ಷೈರ್ ಎಂಟು ಗ್ರಂಥಾಲಯಗಳನ್ನು ಮುಚ್ಚಲು ತೀರ್ಮಾನಿಸಿದಾಗ ನಿಮ್ಮದೇ ಊರಿನ ಸೌತ್ ಹ್ಯಾಮ್ ಗ್ರಂಥಾಲಯವೂ ಆ ಪಟ್ಟಿಯಲ್ಲಿತ್ತು. ಕೌನ್ಸಿಲರ್‌ಗಳ ವಿವೇಚನೆ ನಿಜವಾಗಿ ಕೆಲಸ ಮಾಡುವುದು ಈ ಅಂಚಿನಲ್ಲಿ. ಹಾಗಾಗಿ ಬಾಗಿಲಿಗೆ ಬಂದ ಅಭ್ಯರ್ಥಿಯನ್ನು ನೀವು ಏನು ಮಾಡುತ್ತೀರಿ ಎಂದು ಕೇಳುವುದಕ್ಕಿಂತ, ಹಣ ಸಾಲದೆ ಬಂದಾಗ ಯಾವುದನ್ನು ಕೊನೆಯವರೆಗೂ ಮುಟ್ಟುವುದಿಲ್ಲ ಎಂದು ಕೇಳಿ. ಮೊದಲ ಪ್ರಶ್ನೆಗೆ ಎಲ್ಲರ ಉತ್ತರವೂ ಒಂದೇ ಇರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ.

ತೆರಿಗೆ ಏರಿಸಿ ಸರಿದೂಗಿಸಬಾರದೇ ಎಂದರೆ, ಆರೈಕೆಯ ಹೊಣೆಯಿರುವ ಕೌನ್ಸಿಲ್ ವರ್ಷಕ್ಕೆ ಸಾಮಾನ್ಯವಾಗಿ ಶೇ. 4.99ರವರೆಗೆ ಮಾತ್ರ ಏರಿಸಬಹುದು. ಮೀರಿದರೆ ಜನಮತಗಣನೆ ನಡೆಸಬೇಕು, ಇಲ್ಲವೇ ಸರ್ಕಾರದ ವಿಶೇಷ ಒಪ್ಪಿಗೆ ಪಡೆಯಬೇಕು. 2025ರ ಆರಂಭದಲ್ಲಿ ಹ್ಯಾಂಪ್‌ಷೈರ್ ಶೇ. 15ರಷ್ಟು ಏರಿಸಲು ಒಪ್ಪಿಗೆ ಕೇಳಿತು, ಸರ್ಕಾರ ಕೊಡಲಿಲ್ಲ. 1997ರಿಂದ ಕನ್ಸರ್ವೇಟಿವ್ ಪಕ್ಷವೇ ಆಳುತ್ತಿರುವ, ತೆರಿಗೆ ಕಡಿಮೆ ಇಡುವುದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುವ ಪಕ್ಷದ ಕೌಂಟಿಯೊಂದು ಅಷ್ಟು ದೊಡ್ಡ ಏರಿಕೆ ಕೇಳಿತೆಂದರೆ ಕೊರತೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಊಹಿಸಬಹುದು. ಇದಕ್ಕೆ ಎದುರಾಗಿ ನಾರ್ಥಾಂಪ್ಟನ್‌ಷೈರ್ ಇದೆ. ಅಲ್ಲಿನ ಕೌಂಟಿ ಕೌನ್ಸಿಲ್ ಹಲವು ವರ್ಷ ತೆರಿಗೆಯನ್ನು ಏರಿಸದೆ ಹಿಡಿದಿಟ್ಟು, ಮೀಸಲು ನಿಧಿ ಕರಗಿಸಿ, 2018ರ ಫೆಬ್ರವರಿಯಲ್ಲಿ ಹೊಸ ಖರ್ಚಿಗೆಲ್ಲ ತಡೆಯೊಡ್ಡುವ 114ನೆಯ ಸೆಕ್ಷನ್‌ನ ನೋಟಿಸು ಹೊರಡಿಸಬೇಕಾಯಿತು. ಸರ್ಕಾರದ ತಪಾಸಣಾಧಿಕಾರಿ ಮ್ಯಾಕ್ಸ್ ಕಾಲರ್ ಮರುತಿಂಗಳೇ ಆ ಕೌನ್ಸಿಲ್ಲನ್ನು ರದ್ದುಪಡಿಸಲು ಶಿಫಾರಸು ಮಾಡಿದರು, 2021ರ ಏಪ್ರಿಲ್‌ನಲ್ಲಿ ಅದರ ಜಾಗಕ್ಕೆ ಎರಡು ಹೊಸ ಕೌನ್ಸಿಲ್‌ಗಳು ಬಂದವು. ತೆರಿಗೆಯನ್ನು ಒಂದು ಪೆನ್ನಿಯೂ ಏರಿಸುವುದಿಲ್ಲ ಎಂಬ ಘೋಷಣೆಯನ್ನು ಈ ಹಿನ್ನೆಲೆಯಲ್ಲಿ ಓದಿ. ಅಭ್ಯರ್ಥಿ ಯಾವ ಪಕ್ಷದವರಾದರೂ ಸರಿ, ಉಳಿದ ಹಣ ಎಲ್ಲಿಂದ ಬರುತ್ತದೆಂದು ಹೇಳದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ನಮ್ಮ ಕುಟುಂಬಗಳಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ ವಿಶೇಷ ಅಗತ್ಯದ ಮಕ್ಕಳ ಶಿಕ್ಷಣ. ಆಟಿಸಂ, ಮಾತಿನ ತೊಂದರೆ, ಕಲಿಕೆಯ ನ್ಯೂನತೆ ಇರುವ ಮಗುವಿಗೆ ಶಾಲೆ ತಾನಾಗಿ ಕೊಡುವ ನೆರವು ಸಾಲದಿದ್ದರೆ, 2014ರ ಕಾಯ್ದೆಯಡಿ ಇ.ಎಚ್.ಸಿ. (ಶಿಕ್ಷಣ, ಆರೋಗ್ಯ, ಆರೈಕೆ) ಪ್ಲಾನ್ ಎಂಬ ದಾಖಲೆಯನ್ನು ಕೌಂಟಿ ಸಿದ್ಧಪಡಿಸಬೇಕು. ಅದರಲ್ಲಿ ಬರೆದದ್ದೆಲ್ಲ ಕಾನೂನಿನ ಬಲವುಳ್ಳದ್ದು: ವಾರಕ್ಕೆ ಇಷ್ಟು ಗಂಟೆ ವಾಕ್‌ಚಿಕಿತ್ಸೆ ಎಂದಿದ್ದರೆ ಅಷ್ಟೂ ಕೊಡಲೇಬೇಕು. 2025ರ ಜನವರಿಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇಂಥ 6,38,000ಕ್ಕೂ ಹೆಚ್ಚು ಪ್ಲಾನ್‌ಗಳು ಜಾರಿಯಲ್ಲಿದ್ದವು. ಪೋಷಕರು ಅರ್ಜಿ ಕೊಟ್ಟ ಆರು ವಾರಗಳೊಳಗೆ ಮೌಲ್ಯಮಾಪನ ಮಾಡುತ್ತೇವೋ ಇಲ್ಲವೋ ಎಂದು ಕೌಂಟಿ ತಿಳಿಸಬೇಕು, 20 ವಾರಗಳೊಳಗೆ ಅಂತಿಮ ಪ್ಲಾನ್ ಕೈಗೆ ಕೊಡಬೇಕು. 2024ರಲ್ಲಿ ಇಂಗ್ಲೆಂಡಿನಾದ್ಯಂತ ಈ ಗಡುವಿನೊಳಗೆ ಬಂದವು ಅರ್ಧಕ್ಕಿಂತ ಕಡಿಮೆ. ಕೌಂಟಿ ನಿರಾಕರಿಸಿ ಪೋಷಕರು ನ್ಯಾಯಮಂಡಳಿಯವರೆಗೆ ಹೋದ ಪ್ರಕರಣಗಳಲ್ಲಿ, ವಿಚಾರಣೆ ಮುಗಿದವುಗಳ ಪೈಕಿ ಬಹುತೇಕ ಎಲ್ಲವೂ ಪೋಷಕರ ಕಡೆಗೇ ಆಗಿವೆ.

ವೀಸಾದಲ್ಲಿರುವ ಅನೇಕ ತಂದೆತಾಯಿಯರು ಇಂಥ ಅರ್ಜಿ ಹಾಕಲು ಅಂಜುತ್ತಾರೆ. ತಮ್ಮ ವೀಸಾದಲ್ಲಿ ಸಾರ್ವಜನಿಕ ನಿಧಿ (ಸರ್ಕಾರಿ ಭತ್ಯೆ, ರಿಯಾಯಿತಿಗಳು) ಪಡೆಯುವಂತಿಲ್ಲ ಎಂದು ಬರೆದಿದೆಯಲ್ಲ ಎಂಬುದು ಅವರ ಭಯ. ಸರ್ಕಾರಿ ಶಾಲೆಯ ಶಿಕ್ಷಣವಾಗಲಿ ಅದರ ಭಾಗವಾದ ವಿಶೇಷ ನೆರವಾಗಲಿ ಆ ನಿಧಿಗಳ ಪಟ್ಟಿಯಲ್ಲಿ ಇಲ್ಲ. ಶಾಲಾ ಸಾರಿಗೆಯೂ ಅಷ್ಟೇ: ಎಂಟು ವರ್ಷದೊಳಗಿನ ಮಗುವಿಗೆ ಹತ್ತಿರದ ಸೂಕ್ತ ಶಾಲೆ ಎರಡು ಮೈಲಿಗಿಂತ ದೂರವಿದ್ದರೆ, ಅಲ್ಲಿಂದ ಮುಂದೆ 16ರವರೆಗೆ ಮೂರು ಮೈಲಿಗಿಂತ ದೂರವಿದ್ದರೆ ಉಚಿತ ಸಾರಿಗೆ ಸಿಗಬೇಕು, ಅಂಗವೈಕಲ್ಯದಿಂದ ನಡೆಯಲಾಗದ ಮಗುವಿಗೆ ದೂರದ ಲೆಕ್ಕವೇ ಇಲ್ಲ. ಕೌನ್ಸಿಲ್ ಟ್ಯಾಕ್ಸಿನಲ್ಲಿ ಆದಾಯದ ಆಧಾರದ ಮೇಲೆ ಕೊಡುವ ರಿಯಾಯಿತಿ ಮಾತ್ರ ಆ ಪಟ್ಟಿಯಲ್ಲಿದೆ, ಅದಕ್ಕೆ ಅರ್ಜಿ ಹಾಕಬೇಡಿ. ಮಗುವಿನ ಹಕ್ಕನ್ನು ವೀಸಾದ ಅಂಜಿಕೆಯಿಂದ ಕೈಬಿಡುವುದು ನೋಡಲಾಗದ ಅನ್ಯಾಯ. ಒಂದೊಂದು ವರ್ಷ ತಡವಾದರೂ ಆ ವಯಸ್ಸಿನ ಕಲಿಕೆ ಮತ್ತೆ ಬರುವುದಿಲ್ಲ.

ಈ ಸೇವೆಗೆ ಬರುವ ಅನುದಾನ ಸಾಲದೆ ಬಹುತೇಕ ಕೌಂಟಿಗಳಲ್ಲಿ ದೊಡ್ಡ ಬಾಕಿ ಬೆಳೆದಿದೆ. ಆ ಬಾಕಿಯನ್ನು ಕೌನ್ಸಿಲ್ಲಿನ ಮುಖ್ಯ ಲೆಕ್ಕದಿಂದ ಹೊರಗಿಡಲು 2020ರಲ್ಲಿ ಸರ್ಕಾರ ಒಂದು ವಿಶೇಷ ವಿನಾಯಿತಿ ಕೊಟ್ಟಿತು, ಮತ್ತೆ ಮತ್ತೆ ವಿಸ್ತರಿಸಿತು. ಈಗಿನ ಗಡುವು 2028ರ ಮಾರ್ಚ್. ಆ ತಿಂಗಳನ್ನು ನೆನಪಿಡಿ. ಎರಡು ವರ್ಷದಲ್ಲಿ ರದ್ದಾಗುವ ಕೌನ್ಸಿಲ್‌ಗೆ ಮತ ಏಕೆ ಎಂಬ ನಿಮ್ಮ ಸಂದೇಹಕ್ಕೆ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

2024ರ ಡಿಸೆಂಬರ್‌ನಲ್ಲಿ ಸರ್ಕಾರ ಹೊರಡಿಸಿದ ಶ್ವೇತಪತ್ರ, ಎರಡು ಹಂತದ ಆಡಳಿತ ಉಳಿದಿರುವ 21 ಕೌಂಟಿಗಳಲ್ಲೂ ಕೌಂಟಿ ಮತ್ತು ಡಿಸ್ಟ್ರಿಕ್ಟ್‌ಗಳೆರಡನ್ನೂ ತೆಗೆದು, ಸುಮಾರು ಐದು ಲಕ್ಷ ಜನಸಂಖ್ಯೆಗೊಂದರಂತೆ ಎಲ್ಲ ಅಧಿಕಾರಗಳನ್ನೂ ಹೊಂದಿದ ಒಂದೇ ಕೌನ್ಸಿಲ್ ತರುವುದಾಗಿ ಹೇಳಿತು. ಮೊದಲ ಸುತ್ತಿನಲ್ಲಿದ್ದ ಹ್ಯಾಂಪ್‌ಷೈರ್, ಎಸೆಕ್ಸ್, ನಾರ್ಫಕ್, ಸಫಕ್, ಸರ್ರೆ, ಎರಡು ಸಸೆಕ್ಸ್‌ಗಳು ಸೇರಿದಂತೆ ಒಂಬತ್ತು ಕೌನ್ಸಿಲ್‌ಗಳ 2025ರ ಮೇ ಚುನಾವಣೆಯನ್ನು ಒಂದು ವರ್ಷ ಮುಂದಕ್ಕೆ ಹಾಕಲಾಯಿತು. ನಿಮ್ಮಲ್ಲಿ ಈಗ ನಡೆಯುತ್ತಿರುವುದು ಹಾಗೆ ಮುಂದೆ ಹೋದ ಚುನಾವಣೆ. ಆ ಒಂದು ವರ್ಷದ ವಿಳಂಬಕ್ಕೇ ಇಲ್ಲಿ ದೊಡ್ಡ ಗದ್ದಲವೆದ್ದಿತು. 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲಿ ನಡೆದ ಕರ್ನಾಟಕದಿಂದ ಬಂದ ನಮಗೆ ಅದು ಅತಿಯೆನಿಸಬಹುದು, ಆದರೆ ಗದ್ದಲವೆಬ್ಬಿಸಿದವರೇ ಸರಿ ಎಂದು ನನ್ನ ಭಾವನೆ. ಹ್ಯಾಂಪ್‌ಷೈರ್ ಮತ್ತು ಸೊಲೆಂಟ್ ಪ್ರದೇಶಕ್ಕೆ ಮೇಯರ್ ಆರಿಸುವ ಚುನಾವಣೆಯನ್ನು 2028ಕ್ಕೆ ತಳ್ಳಲಾಗಿದೆ. ಹೊಸ ಕೌನ್ಸಿಲ್‌ಗಳು ಅಧಿಕಾರ ವಹಿಸಿಕೊಳ್ಳಬೇಕಾದದ್ದು, ಆ ಬಾಕಿಯ ವಿನಾಯಿತಿ ಮುಗಿದ ಮರುತಿಂಗಳೇ, 2028ರ ಏಪ್ರಿಲ್‌ನಲ್ಲಿ.

ಹಾಗಾದರೆ ಈಗ ಆರಿಸಿ ಹೋಗುವ ಕೌನ್ಸಿಲರ್‌ಗಳು ಬರೀ ಬಜೆಟ್ ಮಂಡಿಸಿ ಮನೆಗೆ ಹೋಗುವವರಲ್ಲ. ಕೂಡುಕುಟುಂಬ ಪಾಲಾಗುವಾಗ ಲೆಕ್ಕದ ಪುಸ್ತಕ ಯಾರ ಕೈಯಲ್ಲಿರುತ್ತದೆ ಎಂಬುದು ಎಷ್ಟು ಮುಖ್ಯವೋ, ಕೌಂಟಿಯ ಕೊನೆಯ ಎರಡು ವರ್ಷ ಯಾರ ಕೈಯಲ್ಲಿರುತ್ತದೆ ಎಂಬುದೂ ಅಷ್ಟೇ ಮುಖ್ಯ. ಮಕ್ಕಳ ರಕ್ಷಣೆಯ ತಂಡ, ಆರೈಕೆ ಕೇಂದ್ರಗಳೊಂದಿಗಿನ ಒಪ್ಪಂದಗಳು, ವಿಶೇಷ ಶಾಲೆಗಳ ಸೀಟುಗಳು, ರಸ್ತೆ ಗುತ್ತಿಗೆ, ಮೀಸಲು ನಿಧಿ, ಮೇಲೆ ಹೇಳಿದ ಬಾಕಿ ಎಲ್ಲವೂ ಈ ಅವಧಿಯಲ್ಲೇ ಹಂಚಿಕೆಗೆ ಸಿದ್ಧವಾಗಬೇಕು. ನಾರ್ಥಾಂಪ್ಟನ್‌ಷೈರ್ ಎರಡಾದಾಗ ಮಕ್ಕಳ ಸೇವೆಯನ್ನು ಸೀಳದೆ ಒಂದು ಜಂಟಿ ಟ್ರಸ್ಟಿಗೆ ಒಪ್ಪಿಸಿದರು. ಸರ್ರೆಯಲ್ಲಿ ಎರಡು ಹೊಸ ಕೌನ್ಸಿಲ್‌ಗಳನ್ನು ತೀರ್ಮಾನಿಸುವಾಗ ದಿವಾಳಿಯಂಚಿಗೆ ಹೋಗಿದ್ದ ವೋಕಿಂಗ್ ಬರೋದ ಸಾಲದಲ್ಲಿ 50 ಕೋಟಿ ಪೌಂಡನ್ನು ಸರ್ಕಾರವೇ ತೀರಿಸಲು ಒಪ್ಪಬೇಕಾಯಿತು. ನಿಮ್ಮ ಅಭ್ಯರ್ಥಿಗಳನ್ನು ಕೇಳಬೇಕಾದ್ದು ಇದನ್ನೇ: ಬೇಸಿಂಗ್‌ಸ್ಟೋಕ್‌ನ ಮಗುವಿನ ವಿಶೇಷ ಶಾಲೆ ಮುಂದೆ ಬೇರೆ ಕೌನ್ಸಿಲ್ಲಿನ ಗಡಿಯೊಳಗೆ ಹೋದರೆ ಸೀಟೂ ವಾಹನವೂ ಉಳಿಯುತ್ತವೆಯೇ, ಅದಕ್ಕೆ ಈಗಲೇ ಲಿಖಿತ ಒಪ್ಪಂದ ಮಾಡಿಸುತ್ತೀರಾ?

ಪಕ್ಷಗಳ ಬಲಾಬಲದ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. 2021ರಲ್ಲಿ ಹ್ಯಾಂಪ್‌ಷೈರ್‌ನ 78 ಸ್ಥಾನಗಳಲ್ಲಿ 56 ಕನ್ಸರ್ವೇಟಿವ್‌ಗೆ, 17 ಲಿಬರಲ್ ಡೆಮಾಕ್ರಾಟ್‌ಗೆ ಬಂದಿದ್ದವು. ಆದರೆ 2025ರ ಮೇ 1ರಂದು ಬೇರೆ ಕೌಂಟಿಗಳಲ್ಲಿ ನಡೆದ ಚುನಾವಣೆ ಹಳೆಯ ಲೆಕ್ಕವನ್ನು ತಲೆಕೆಳಗು ಮಾಡಿತು: ರಿಫಾರ್ಮ್ ಯುಕೆ ಪಕ್ಷವು ಕೆಂಟ್, ಲ್ಯಾಂಕಷೈರ್ ಸೇರಿ ಹತ್ತು ಕೌನ್ಸಿಲ್‌ಗಳನ್ನು ಗೆದ್ದುಕೊಂಡಿತು, ಕೆಂಟ್‌ನಲ್ಲಿ 81ರಲ್ಲಿ 57 ಸ್ಥಾನ ಅದಕ್ಕೇ ಹೋಯಿತು, ಆಕ್ಸ್‌ಫರ್ಡ್‌ಷೈರ್, ಕೇಂಬ್ರಿಡ್ಜ್‌ಷೈರ್, ಶ್ರಾಪ್‌ಷೈರ್‌ಗಳಲ್ಲಿ ಲಿಬರಲ್ ಡೆಮಾಕ್ರಾಟರಿಗೆ ಬಹುಮತ ಬಂತು, ಅಂದು ಚುನಾವಣೆ ನಡೆದವುಗಳಲ್ಲಿ ಕನ್ಸರ್ವೇಟಿವ್ ತನ್ನ ಕೈಯಲ್ಲಿದ್ದ ಎಲ್ಲ ಕೌನ್ಸಿಲ್‌ಗಳನ್ನೂ ಕಳೆದುಕೊಂಡಿತು. ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಲ್ಲಿ ನಾಲ್ಕೈದು ಪಕ್ಷಗಳು ಮತ ಹಂಚಿಕೊಂಡಾಗ, ಶೇ. 30ರಷ್ಟು ಮತದಿಂದಲೂ ಸ್ಥಾನ ಕೈಗೆ ಬರಬಹುದು. ಮತದಾನದ ಪ್ರಮಾಣವೂ ಕೌಂಟಿ ಚುನಾವಣೆಗಳಲ್ಲಿ ಮೂರರಲ್ಲಿ ಒಂದು ಪಾಲಿನ ಆಸುಪಾಸು. ಇಂಥ ಕಡೆ ಒಂದು ಬಡಾವಣೆಯ ಕೆಲವೇ ಕುಟುಂಬಗಳ ಮತ ಫಲಿತಾಂಶವನ್ನು ತಿರುಗಿಸಬಲ್ಲದು.

ಹೆಸರು ನೋಂದಾಯಿಸಲು ಕೊನೆಯ ದಿನ ಏಪ್ರಿಲ್ 20ರ ಮಧ್ಯರಾತ್ರಿ. ಸರ್ಕಾರದ ವೆಬ್‌ಸೈಟಿನಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೊಟ್ಟು ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು, ಪತಿಪತ್ನಿ ಬೇರೆಬೇರೆಯಾಗಿ ಅರ್ಜಿ ಹಾಕಬೇಕು. ಅಂಚೆ ಮತ ಬೇಕಿದ್ದರೆ ಏಪ್ರಿಲ್ 21ರ ಸಂಜೆ ಐದರೊಳಗೆ ಕೇಳಬೇಕು. ಮತಗಟ್ಟೆಯಲ್ಲಿ 2023ರಿಂದ ಫೋಟೋ ಗುರುತಿನ ದಾಖಲೆ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ಸಲ್ಲುತ್ತದೆ, ಅವಧಿ ಮುಗಿದಿದ್ದರೂ ಮುಖಚಹರೆ ಹೊಂದುವಂತಿದ್ದರೆ ಸಾಕು. ಭಾರತದ ಡ್ರೈವಿಂಗ್ ಲೈಸೆನ್ಸ್ ಸಲ್ಲುವುದಿಲ್ಲ. ನಮ್ಮವರಿಗೆ ಇಲ್ಲಿ ಎದುರಾಗುವ ತೊಡಕು ಹೆಸರಿನದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದು ಊರು ಮತ್ತು ತಂದೆಯ ಹೆಸರು ಒಂದೇ ಸಾಲಿನಲ್ಲಿರುವವರು, ಬ್ಯಾಂಕಿನಲ್ಲಿ ಒಂದು ಕ್ರಮ, ಆಫೀಸಿನಲ್ಲಿ ಇನ್ನೊಂದು ಕ್ರಮ ಬಳಸುವವರು, ಮದುವೆಯ ನಂತರ ಹೆಸರು ಬದಲಿಸಿದ ಮಹಿಳೆಯರು, ಮತದಾರರ ಪಟ್ಟಿಗೆ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಕೊಡಬೇಕು. ಇನಿಷಿಯಲ್‌ನಷ್ಟು ಸಣ್ಣ ವ್ಯತ್ಯಾಸಕ್ಕೆ ಅಡ್ಡಿಯಾಗದು, ಹೆಸರೇ ಬೇರೆಯಾದರೆ ಮದುವೆಯ ಪ್ರಮಾಣಪತ್ರದಂಥ ಪುರಾವೆ ಜೊತೆಗಿರಲಿ. ಸಲ್ಲುವ ದಾಖಲೆ ಯಾವುದೂ ಇಲ್ಲದವರು ಉಚಿತ ಮತದಾರ ಪ್ರಮಾಣಪತ್ರಕ್ಕೆ ಏಪ್ರಿಲ್ 28ರ ಸಂಜೆ ಐದರೊಳಗೆ ಅರ್ಜಿ ಹಾಕಬಹುದು. ಮತಗಟ್ಟೆ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಹತ್ತು ಹೊಡೆದಾಗ ಸಾಲಿನಲ್ಲಿ ನಿಂತಿದ್ದವರಿಗೂ ಮತ ಹಾಕಲು ಅವಕಾಶವುಂಟು.